ಸೊಟ್ಟಮೂತಿಯ ರಕ್ತ

ಒಂಟೆಗಳಿಂದ ಬಂದ ಜ್ವರಕ್ಕೆ ಅಣ್ಣ ತೀರಿಹೋದ ದಿನದಿಂದ ಅತ್ತಿಗೆ ಮೈದುನನೊಂದಿಗೆ ಮಾತು ಬಿಟ್ಟಿದ್ದಳು. ಹೊತ್ತು ಹೊತ್ತಿಗೆ ಊಟವೇನೋ ಸಿಗುತ್ತಿತ್ತು. ಆದರೆ "ಊಟ ಆರ್ತಿದೆ" ಎಂಬುದನ್ನು ಅವಳು ಬಾಗಿಲಿಗೆ ಹೇಳುತ್ತಿದ್ದಳು. ಬಾಗಿಲಿಗೆ ಹಸಿವಿಲ್ಲವಲ್ಲ, ಇವನೇ ಹೋಗಿ ಕೂರುತ್ತಿದ್ದ. ಅಣ್ಣ ಬೇಡವೆಂದರೂ ಕೇಳದೆ ಇವನು ಸಂತೆಯಿಂದ ಹೊಸ ಒಂಟೆ ತಂದಿದ್ದ, ರೋಗ ಅದರ ಜೊತೆಗೇ ಬಂತು ಎಂಬುದು ಅವಳ ಲೆಕ್ಕ. ಪಾಪ, ಇವನ ಲೆಕ್ಕವೂ ಅದೇ ಆಗಿತ್ತು.

ಒಂದು ಬೆಳಿಗ್ಗೆ ಪಶು ಆಸ್ಪತ್ರೆಯ ಲ್ಯಾಬಿನಿಂದ ಒಬ್ಬ ಹೆಂಗಸು ಪಟ್ಟಿ ಹಿಡಿದು ಕೊಟ್ಟಿಗೆಗೆ ಬಂದಳು. ಮೂವತ್ತು ವರ್ಷದ ಹಿಂದೆ ಬೇರಾವುದೋ ರೋಗಕ್ಕೆಂದು ಹಳೆಯ ಡಾಕ್ಟರು ಒಂಟೆಗಳ ರಕ್ತ ತೆಗೆದು ಫ್ರೀಜರಿನಲ್ಲಿ ಇಟ್ಟಿದ್ದರಂತೆ. ಅಣ್ಣನಿಗೆ ಜ್ವರ ತಂದ, ಕೊರೊನಾ ಜಾತಿಯ ಈ ವೈರಸ್ಸು ಒಂಟೆಗಳಲ್ಲಿ ಯಾವ ಕಾಲದಿಂದ ಇದೆ ಎಂದು ತಿಳಿಯಲು ಈಗ ಅದನ್ನೆಲ್ಲ ಪರೀಕ್ಷೆ ಮಾಡಿದ್ದರು. ಆದರೆ ಆ ಪುಣ್ಯಾತ್ಮ ಶೀಶೆಗಳ ಮೇಲೆ ನಂಬರಿನ ಬದಲು ಒಂಟೆಗಳ ಅಡ್ಡಹೆಸರು ಬರೆದಿಟ್ಟು ಹೋಗಿದ್ದರು.

"ಸೊಟ್ಟಮೂತಿ ಅಂತ ಇದೆ. ಯಾರ ಒಂಟೆ ಗೊತ್ತಾ?" ಎಂದಳು ಲ್ಯಾಬಿನವಳು. "ಆಗಲೇ ಅದಕ್ಕೆ ಈ ವೈರಸ್ಸು ಬಂದು ಹೋಗಿತ್ತು, ರಕ್ತದಲ್ಲಿ ಗುರುತಿದೆ. ಒಂಟೆಗೆ ಬರೀ ನೆಗಡಿ ಅಷ್ಟೇ."

ಸೊಟ್ಟಮೂತಿ ಅಣ್ಣನ ಕಣ್ಮಣಿ. ತಾಯಿ ಸತ್ತ ಆ ಮರಿಗೆ ಅಣ್ಣ ಬಾಟಲಿಯಲ್ಲಿ ಹಾಲು ಕುಡಿಸಿದ್ದ, ಹೆಗಲ ಮೇಲಿನ ಟವೆಲಿನಿಂದಲೇ ಅದರ ಮೂಗು ಒರೆಸುತ್ತಿದ್ದ. ಈಗ ಕೊಟ್ಟಿಗೆಯಲ್ಲಿ ಇರುವುದೆಲ್ಲ, ಸಂತೆಯದೊಂದು ಬಿಟ್ಟರೆ, ಅದರ ಸಂತಾನವೇ. ಮನೆ ಬಾಗಿಲ ಹಿಂದೆ ಅತ್ತಿಗೆ ನಿಂತಿರುವುದು ಅವನಿಗೆ ಗೊತ್ತಿತ್ತು. ರೋಗ ಅಣ್ಣನ ಮುದ್ದಿನ ಒಂಟೆಯಲ್ಲೇ ಇತ್ತೆಂದು ಅವಳ ಕಿವಿಗೆ ಬೀಳುವುದು ಬೇಡ.

"ನನ್ನದೇ," ಎಂದ ಅವನು. "ಅದನ್ನೂ ನಾನೇ ಸಂತೆಯಿಂದ ತಂದಿದ್ದೆ."

ಬಾಗಿಲು ತೆರೆಯಿತು.

"ಆಗ ನಿನಗೆ ಎಂಟು ವರ್ಷ ಕಣೋ. ನಿನ್ನ ಚಡ್ಡಿ ಗುಂಡಿ ನಾನು ಹಾಕ್ತಿದ್ದೆ. ಒಂಟೆ ತಂದನಂತೆ, ಒಂಟೆ." ಅತ್ತಿಗೆ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಆಮೇಲೆ ಲ್ಯಾಬಿನವಳ ಕಡೆ ತಿರುಗಿ, "ಅದು ನಮ್ಮ ಯಜಮಾನರದು, ಬರ್ಕೊಳ್ಳಿ," ಎಂದಳು.

ಲ್ಯಾಬಿನವಳು ಬರೆದುಕೊಂಡು ಹೊರಟಳು.

"ನೀನು ತಂದಿದ್ದಲ್ಲ ಆ ರೋಗ," ಎಂದಳು ಅತ್ತಿಗೆ. "ಬಾ, ತಿಂಡಿ ಆರ್ತಿದೆ."

ಒಂದು ವರ್ಷದಿಂದ ಹಿಡಿದಿಟ್ಟ ಅಳು ಅವನಿಗೆ ತಟ್ಟೆಯ ಮುಂದೆ ಬಂತು. ಅತ್ತಿಗೆ ಅಳಬೇಡ ಎನ್ನಲಿಲ್ಲ, ಪಕ್ಕದಲ್ಲೇ ಕೂತು ಇನ್ನೊಂದಿಷ್ಟು ಬಡಿಸಿದಳು.