ಸಾಲಿನ ಕುಣಿತ

ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟ. ಒಂದು ಊರಿ ನಿಲ್ಲುವುದಕ್ಕೆ, ಇನ್ನೊಂದು ಮುಂದಿಡುವುದಕ್ಕೆ. ಯಾವಾಗ ಯಾವುದು ಎಂಬುದನ್ನು ಮಾತ್ರ ಹೇಳಿ ಕಳಿಸಲಿಲ್ಲ.

ದರ್ಜಿಯ ಅತ್ತೆ ನಾಲ್ಕು ವರ್ಷದಿಂದ ಊರಿದ ಕಾಲಿನ ಮೇಲೇ ಇದ್ದರು. ದರ್ಜಿ ಎಂದರೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಸೊಸೆ. ಮಾವ ಬದುಕಿದ್ದಾಗ ಚುನಾವಣೆಯ ಬೆಳಿಗ್ಗೆ ಇಂಥ ಗುರುತು ಎಂದು ಹೇಳುವರು. ಅತ್ತೆ ಅದಕ್ಕೇ ಒತ್ತಿ ಬರುವರು. ಮಾವ ತೀರಿಕೊಂಡ ಮೇಲೆ ಎರಡು ಚುನಾವಣೆ ಬಂದುಹೋದವು. ಅತ್ತೆ ಹೊಸ್ತಿಲು ದಾಟಲಿಲ್ಲ.

"ಹೇಳೋರೇ ಹೋದ ಮೇಲೆ ನಾನು ಹೋಗಿ ಏನು ಮಾಡಲಿ?"

"ನಾನು ಹೇಳ್ತೀನಮ್ಮ," ಎಂದ ಮಗ.

"ನಿನಗೆ ಅಂಗಿ ಗುಂಡಿ ಹಾಕ್ಕೊಳ್ಳೋದು ಕಲಿಸಿದೋಳು ನಾನು. ನೀನು ನನಗೆ ಹೇಳ್ತೀಯಾ?"

ಮುಂದಿನ ತಿಂಗಳು ಮತ್ತೆ ಚುನಾವಣೆ. ಈ ಸಲವಾದರೂ ಅತ್ತೆ ಹೋಗಬೇಕು, ಅದೂ ತಾವಾಗಿಯೇ ಹೋಗಬೇಕು ಎಂಬುದು ಸೊಸೆಯ ಆಸೆ. ಹೋಗಿ ಎಂದು ಹೇಳಿ ಕಳಿಸಿದರೆ ಮಾವ ಮಾಡಿದ್ದನ್ನೇ ತಾನೂ ಮಾಡಿದಂತೆ. ಹಾಗಾಗಿ ಬಾಯಿ ಬಿಡದೆ ದೇವರಿಗೆ ಒಪ್ಪಿಸಿದ್ದಳು.

ಅದೇ ಹೊತ್ತಿಗೆ ಶಾಲೆಯ ನೃತ್ಯದ ಟೀಚರ್ ದರ್ಜಿಯ ಬಳಿ ಬಂದರು. ಹೆಂಗಸರಿಗೆ ಮತದ ಹಕ್ಕು ಸಿಕ್ಕ ದಿನ ಹತ್ತಿರವಾಗಿತ್ತು. ಪ್ರತಿ ವರ್ಷವೂ ಆ ದಿನ ಭಾಷಣ, ಕೇಳುವುದು ಖಾಲಿ ಕುರ್ಚಿಗಳು. ಈ ಸಲ ಮಾರುಕಟ್ಟೆಯ ಚೌಕದಲ್ಲಿ ಕುಣಿತ ಎಂದರು.

"ಎಂಥಾ ಕುಣಿತ?"

"ಸಾಲಲ್ಲಿ ನಿಲ್ಲೋದು. ಮೊದಲ ಸಲ ಮತ ಹಾಕೋಕೆ ಹೆಂಗಸರೆಲ್ಲ ನಿಂತ ಹಾಗೆ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ, ಸೊಂಟದ ಮೇಲೆ ಮಗು, ಪಿಸುಮಾತು, ಆಮೇಲೆ ಒಂದೇ ಹೆಜ್ಜೆ. ಕೊನೇಲಿ ಮತದ ಪೆಟ್ಟಿಗೆ. ಅಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಕೈ ಆಡಿಸಬೇಕು."

ಮನೆಯಲ್ಲಿ ಅತ್ತೆ ಮೂಗು ಮುರಿದರು. "ದೇವರ ಮುಂದೆ ಕುಣಿದರೆ ಭಕ್ತಿ. ಬೀದೀಲಿ ಕುಣಿದರೆ ನಗೆಪಾಟಲು."

"ಬೀದೀಲಿ ದೇವರಿಲ್ವಾ ಅತ್ತೆ?"

"ಇದ್ದಾನೆ. ಅವನು ನಗಲ್ಲ. ಪಕ್ಕದ ಮನೆಯೋಳು ನಗ್ತಾಳೆ."

ಆ ದಿನ ತರಕಾರಿ ಅಂಗಡಿಗಳ ನಡುವೆ ಒಂಬತ್ತು ಹೆಂಗಸರು ನಿಂತರು. ವಾದ್ಯವಿಲ್ಲ, ಬಣ್ಣವಿಲ್ಲ. ನರ್ಸು, ಹಾಲಿನ ಅಂಗಡಿಯವಳು, ಬಸ್ ಕಂಡಕ್ಟರು, ತುದಿಯಲ್ಲಿ ದರ್ಜಿ. ಒಂಬತ್ತು ಪಾದ ಒಟ್ಟಿಗೆ ನೆಲ ಮುಟ್ಟಿದರೂ ಅದು ಕುಣಿತವೆಂದು ಯಾರಿಗೂ ಹೊಳೆಯಲಿಲ್ಲ. ಕುಣಿತದ ಗುಣವೋ ದೋಷವೋ ದೇವರೇ ಬಲ್ಲ. ಸಾಲು ಕಂಡ ಜನ ಹಿಂದೆ ಬಂದು ನಿಂತರು.

"ಏನು ಕೊಡ್ತಿದಾರೆ?" ಎಂದ ಚೀಲ ಹಿಡಿದವನೊಬ್ಬ.

"ಮೊದಲು ನಿಂತ್ಕೊಳ್ಳಿ, ಆಮೇಲೆ ಕೇಳಿದ್ರಾಯ್ತು," ಎಂದಳು ಅವನ ಹೆಂಡತಿ.

ಅವರಿಬ್ಬರಿಗೂ ಮುಂಚೆ, ದರ್ಜಿಯ ಬೆನ್ನಿಗೇ ಬಂದು ನಿಂತಿದ್ದವರು ಅತ್ತೆ.

"ನಿನ್ನ ಕುಣಿತ ನೋಡೋಕೆ ಇಷ್ಟುದ್ದ ಸಾಲೇನೇ? ಟಿಕೆಟ್ ಇದೆ ಅಂತ ಹೇಳಬಾರದಿತ್ತಾ?"

"ಇದೇ ಅತ್ತೆ, ಕುಣಿತ."

ಅತ್ತೆ ಬಗ್ಗಿ ಅವಳ ಪಾದ ನೋಡಿದರು. "ಇದಾ? ಇದು ನನಗೂ ಬರುತ್ತೆ." ಎಂದವರೇ ಭಾರ ಬದಲಿಸಿ ಒಂದು ಹೆಜ್ಜೆ ಇಟ್ಟರು.

ದರ್ಜಿಯ ಸರದಿ ಬಂತು. ಅವಳು ಕಾಣದ ಸೂಜಿಗೆ ಕಾಣದ ದಾರ ಪೋಣಿಸಿ ಪಕ್ಕಕ್ಕೆ ಸರಿದಳು. ಅತ್ತೆಯ ಕೈ ಪೆಟ್ಟಿಗೆಯ ಮೇಲೆ ಗಾಳಿಯಲ್ಲೇ ನಿಂತಿತು.

"ಏನು ಮಾಡ್ಬೇಕೇ ಇಲ್ಲಿ?"

ಸೊಸೆಯ ನಾಲಗೆಯ ತುದಿಗೆ ಮಾತು ಬಂತು. ಅದನ್ನು ಅಲ್ಲೇ ಕಚ್ಚಿ ಹಿಡಿದಳು. "ನಾನು ಹೇಳಲ್ಲ ಅತ್ತೆ."

"ಬೇಗ ಅಜ್ಜಿ, ಹೊತ್ತಾಗ್ತಿದೆ," ಎಂದ ಚೀಲದವನು.

ಅತ್ತೆ ನಿಧಾನಕ್ಕೆ ತಿರುಗಿದರು. "ಇರಪ್ಪಾ. ಯೋಚನೆ ಮಾಡ್ತಿದೀನಿ."

ತಕ್ಕಡಿಗಳೂ ಸುಮ್ಮನಾದವು. ಚೌಕಕ್ಕೆ ಚೌಕವೇ ಒಬ್ಬ ಮುದುಕಿಯ ಯೋಚನೆ ಮುಗಿಯಲೆಂದು ಕಾಯಿತು. ಕೊನೆಗೆ ಅವರು, ಮಲಗಿದ ಕೂಸಿನ ಹಣೆ ಮುಟ್ಟುವಂತೆ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ನೋಡಿದ್ರಾ? ಯೋಚನೆ ಮಾಡ್ತಾರಂತೆ. ನನಗೆ ಯಾವತ್ತು ಬಿಟ್ಟಿದ್ರಿ?" ಎಂದಳು ಚೀಲದವನ ಹೆಂಡತಿ.

"ನಾನೇನು ತಲೆ ಹಿಡ್ಕೊಂಡಿದ್ನಾ?"

"ಹಿಡ್ಕೊಂಡಿಲ್ಲ. ತಿಂದ್ರಿ!"

ಆ ಜಗಳ ಅಂಗಡಿಯಿಂದ ಅಂಗಡಿಗೆ ಹಬ್ಬಿತು. ಟೀಚರ್ ಬರೆದು ತಂದಿದ್ದ ಭಾಷಣವನ್ನು ಮಡಿಚಿಟ್ಟುಕೊಂಡರು.

ಚುನಾವಣೆಯ ಬೆಳಿಗ್ಗೆ ಅತ್ತೆಯ ಪ್ರಾರ್ಥನೆ ಎಂದಿಗಿಂತ ಉದ್ದವಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸೊಸೆ ಯಂತ್ರದಿಂದ ತಲೆ ಎತ್ತಲಿಲ್ಲ. ಕಾಲು ಮಾತ್ರ ತುಳಿಯುವುದನ್ನು ಮರೆತಿತ್ತು.

"ಯಾರಿಗೆ ಅಂತ ತೀರ್ಮಾನ ಆಯ್ತೇನಮ್ಮ?" ಎಂದ ಮಗ.

"ಆಯ್ತು."

"ಯಾರಿಗೆ?"

"ದೇವರಿಗೆ ಹೇಳಿದೀನಿ. ಬೇಕಿದ್ರೆ ಅವನನ್ನೇ ಕೇಳು," ಎಂದು ಅತ್ತೆ ಮೆಟ್ಟಿಲಿಳಿದರು.