ಊರು ಹುಡುಕಿದ ಹೇಂಟೆ

ಯುರೋಪಿನ ಒಂದು ಮೂಲೆಯಲ್ಲಿ, ಇಂಗ್ಲಿಷ್ ಮಾತಾಡುವ ಒಂದು ಪಟ್ಟಣದಲ್ಲಿ, ಬಲು ಧರ್ಮಿಷ್ಠರಿದ್ದರು. ಸ್ವಂತ ನೆಲದ ಪ್ರಾಣಿಯನ್ನು ಅವರು ಕೊಲ್ಲುತ್ತಿರಲಿಲ್ಲ. ಹಬ್ಬಕ್ಕೆ ಪರದೇಶದ್ದನ್ನೇ ಕೊಯ್ಯುತ್ತಿದ್ದರು. ಅಲ್ಲಿಯ ಹಿತ್ತಲಲ್ಲೇ ಮೊಟ್ಟೆಯೊಡೆದು ಬಂದ, ಅಲ್ಲಿಯ ಕಾಳು ತಿಂದೇ ಕೊಬ್ಬಿದ ದೊಡ್ಡ ಹೇಂಟೆಯೊಂದಿತ್ತು. ಊರವರು ಅದನ್ನು 'ಟರ್ಕಿ' ಎನ್ನುತ್ತಿದ್ದರು. ಹಬ್ಬ ಹತ್ತಿರವಾದಾಗ ಅಡುಗೆಯವನು ಕತ್ತಿ ಮಸೆಯುತ್ತ, "ಹೆಸರೇ ಹೇಳುತ್ತದಲ್ಲ, ತುರ್ಕರ ನಾಡಿನದು. ನಮಗೆ ಪಾಪ ತಟ್ಟುವುದಿಲ್ಲ" ಎಂದ. ಹೇಂಟೆ ಬೇಲಿ ಹಾರಿ, ಬದುಕಿದೆಯಾ ಬಡಜೀವವೇ ಎಂದು ಓಡಿತು.

ಫ್ರೆಂಚ್ ಮಾತಾಡುವ ಊರಿನಲ್ಲೂ ಅದೇ ಧರ್ಮ, ಅದೇ ಕತ್ತಿ. ಅವರು ಅದನ್ನು 'ದ್ಯಾಂದ್' ಎಂದರು, ಅಂದರೆ ಇಂಡಿಯಾದ್ದು. ಡಚ್ಚರು ಇನ್ನೂ ಜಾಣರು. 'ಕಲ್ಕೂನ್', ಅಂದರೆ ಕಲ್ಲಿಕೋಟೆಯದು ಎಂದು ಬಂದರಿನ ಹೆಸರನ್ನೇ ಹೇಳಿಬಿಟ್ಟರು. ಕಲ್ಲಿಕೋಟೆಯನ್ನು ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಹೇಂಟೆಯ ಮುತ್ತಜ್ಜಿ ಬಂದದ್ದು ಮಹಾಸಾಗರದಾಚೆಯ ಬೇರೊಂದು ಕಾಡಿನಿಂದ; ಅದನ್ನು ಯಾರೂ ಕೇಳಲಿಲ್ಲ. ಕತ್ತಿಗೆ ಅಷ್ಟೊಂದು ಭೂಗೋಳ ಬೇಕಾಗಿರಲಿಲ್ಲ.

ಕಾಲು ಬಾತು, ಗರಿ ಉದುರಿ, ಹೇಂಟೆ ಕೊನೆಗೆ ಪೋರ್ಚುಗೀಸ್ ಮಾತಾಡುವ ಊರಿನ ಬಾಗಿಲಿಗೆ ಬಂತು. ಅಲ್ಲಿಯವರ ಮಾತಿನಲ್ಲಿ ಈ ಹಕ್ಕಿಗೆ 'ಪೆರು' ಎಂದೇ ಹೆಸರು. ಕಾವಲುಗಾರ ನೋಡಿದವನೇ, "ಓಹೋ, ಪೆರು! ಪೆರು ದೇಶದಿಂದ ಬಂದೆಯೋ?" ಎಂದ.

ಹೇಂಟೆಗೆ ಅಳು ಬಂತು. "ಇಲ್ಲ ಸ್ವಾಮಿ, ನಾನು ನಿಮ್ಮವಳೇ. ಈ ಗೋಡೆಯ ಬುಡದಲ್ಲೇ ಹುಟ್ಟಿದ್ದು" ಎಂದಿತು. ಅದು ಆಡಿದ ಮೊದಲ ಸುಳ್ಳು ಅದು. ಜೀವದ ಆಸೆ ಯಾರಿಗಿಲ್ಲ?

ಕಾವಲುಗಾರ ಊರಿನ ಶಬ್ದಪಂಡಿತನನ್ನು ಕರೆತಂದ. ಪಂಡಿತ ಗಡ್ಡ ನೀವಿಕೊಂಡು, "ಹೆಸರು ಅಪ್ಪಟ ನಮ್ಮದು. ಆ ದೇಶದವರೇ ನಮ್ಮ ಹಕ್ಕಿಯ ಹೆಸರು ಕದ್ದು ತಮ್ಮ ನಾಡಿಗೆ ಇಟ್ಟುಕೊಂಡಿದ್ದಾರೆ!" ಎಂದು ತೀರ್ಪು ಕೊಟ್ಟ. ಜನ ಕುಣಿದಾಡಿದರು. ಹೇಂಟೆಯ ಕೊರಳಿಗೆ ಜರಿಯ ಹಾರ ಬಿತ್ತು. ಜನ್ಮದಲ್ಲಿ ಮೊದಲ ಸಲ ಅದಕ್ಕೊಂದು ಊರು ಸಿಕ್ಕಿತ್ತು.

"ಹಾಗಾದರೆ ನನ್ನನ್ನು ಕೊಯ್ಯುವುದಿಲ್ಲ ತಾನೆ?" ಎಂದು ಅದು ಮೆಲ್ಲಗೆ ಕೇಳಿತು.

ಪಂಡಿತ ನೊಂದುಕೊಂಡ. "ನಾವು ಅಭಿಮಾನಿಗಳು, ತಾಯಿ. ಹಬ್ಬದ ದಿನ ಪರದೇಶದ್ದನ್ನು ಬಾಯಿಗಿಡುವುದಿಲ್ಲ. ನಿನ್ನಂಥ ನಮ್ಮದೇ ಒಂದು ಹಕ್ಕಿ ಸಿಗದೆ ಇಷ್ಟು ವರ್ಷ ಬರೀ ಸೊಪ್ಪಿನಲ್ಲಿ ಹಬ್ಬ ಮುಗಿಸಿದೆವು."

"ನಾನು ಟರ್ಕಿ! ದ್ಯಾಂದ್! ಕಲ್ಕೂನ್!" ಹೇಂಟೆ ಗಂಟಲು ಹರಿಯುವಂತೆ ಕೂಗಿತು.

"ಕೇಳಿದಿರಾ?" ಪಂಡಿತ ಹೆಮ್ಮೆಯಿಂದ ಜನರತ್ತ ತಿರುಗಿದ. "ನಮ್ಮ ನೆಲದ ಹಕ್ಕಿ ಎಷ್ಟು ಭಾಷೆ ಕಲಿತಿದೆ!"

ಜನ ಚಪ್ಪಾಳೆ ತಟ್ಟಿದರು. ಅಡುಗೆಯವನು ಬಂದು ಮೊದಲು ಜರಿಯ ಹಾರವನ್ನು ಬಿಚ್ಚಿ, ಮಡಿಸಿ ಎತ್ತಿಟ್ಟ. ಮುಂದಿನ ಹಬ್ಬಕ್ಕೂ ಅದು ಬೇಕಲ್ಲ.