ಕೊಟ್ರಮ್ಮ ಕೇಳಿಸಿಕೊಂಡದ್ದು

"ಕೊಟ್ರಮ್ಮ, ಈಗ ನಿಮ್ಮನ್ನ ಎತ್ತಿ ಕೂರಿಸ್ತೀವಿ. ಕುತ್ತಿಗೆ ನಾನು ಹಿಡ್ಕಂಡಿದೀನಿ, ಹೆದರಬ್ಯಾಡ್ರಿ."

ಚಿತ್ರದುರ್ಗದಿಂದ ಬಂದಿದ್ದ ನರ್ಸ್ ಉಷಾ ದೇಹದ ಕಿವಿಯ ಬಳಿ ಬಾಗಿ ಹೀಗೆಂದಾಗ, ಮೀಯಿಸಲು ನಿಂತಿದ್ದ ಹೆಂಗಸರ ಕೈ ಅಲ್ಲೇ ತಡೆಯಿತು.

"ಸತ್ತೋರಿಗೆ ಕೇಳ್ಸತೈತೇನವ್ವ?" ಎಂದಳು ಪಕ್ಕದ ಮನೆಯ ರಂಗಕ್ಕ.

"ಗೊತ್ತಿಲ್ಲಮ್ಮ. ಇವರನ್ನ ಹೇಳದೆ ಮುಟ್ಟಿ ನನಗೆ ಅಭ್ಯಾಸ ಇಲ್ಲ."

ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದವಳು ಕೊಟ್ರಮ್ಮ. ನಿನ್ನೆ ಕಡಲೆಹಿಟ್ಟು ಕಲಸುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ. ಗಂಡ ಮುರುಗಪ್ಪ ಕಂಬಕ್ಕೆ ಒರಗಿ ಕೂತಿದ್ದ.

*

ಕೆಲವು ವರ್ಷಗಳ ಹಿಂದೆ, ನೆಲದ ಮೇಲೆ ಮಲಗಿದ್ದ ಕೊಟ್ರಮ್ಮನಿಗೆ ಕಟ್ಟುಹಾವು ಕಚ್ಚಿತ್ತು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ರೆಪ್ಪೆ ಮುಚ್ಚಿ, ಉಸಿರು ನಿಲ್ಲುತ್ತಾ ಬಂದಿತ್ತು. ಗಂಟಲಿಗೆ ಪೈಪು ಇಳಿಸಿ ವೆಂಟಿಲೇಟರ್ ಹಚ್ಚಿದರು. ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಅಲುಗಲಿಲ್ಲ.

"ವಿಷ ನರಗಳನ್ನ ಕಟ್ಟಿಹಾಕಿದೆ. ಒಳಗೆ ಎಚ್ಚರ ಇರಬಹುದು, ಕಾಯೋಣ" ಎಂದರು ಡಾಕ್ಟರ್ ಲಕ್ಷ್ಮೀಕಾಂತ್.

ಮುರುಗಪ್ಪನಿಗೆ ಕಾಯಲಾಗಲಿಲ್ಲ. ಮಂಚದ ಪಕ್ಕದಲ್ಲೇ ನಿಂತು, "ಹೋಗ್ಬಿಟ್ಟವ್ಳೆ. ಮಿಶನ್ನು ಬಿಚ್ರಿ, ಊರಿಗೆ ತಗಂಡು ಹೋಗ್ತೀನಿ" ಎಂದ.

ಉಷಾ ಕೊಟ್ರಮ್ಮನ ಕಾಲಿನ ಹತ್ತಿರ ಹೋದಳು. "ಕೊಟ್ರಮ್ಮ, ಕೇಳ್ಸಿದ್ರೆ ಬೆರಳು ಆಡಿಸ್ರಿ."

ಏನೂ ಆಗಲಿಲ್ಲ. ಯಂತ್ರ ಉಸಿರು ತುಂಬಿತು, ಬಿಟ್ಟಿತು. ಮತ್ತೆ ತುಂಬಿತು. ಆಗ ಎಡಗಾಲಿನ ಹೆಬ್ಬೆರಳು, ಮೊಳಕೆ ಮಣ್ಣು ಸರಿಸುವಷ್ಟು ಮೆಲ್ಲಗೆ, ಅಲುಗಿತು.

ಮುರುಗಪ್ಪ ಬಾಗಿಲು ದಾಟಿ ಹೊರಗೆ ಹೋದ.

ಪೈಪು ತೆಗೆದು ದನಿ ಬಂದ ಮೇಲೆ ಕೊಟ್ರಮ್ಮ ಗಂಡನಿಗೆ ಅಂದಳು: "ನೀವು ಬಿಚ್ರಿ ಅಂದಿದ್ದೂ ಕೇಳ್ತು. ಬಾಗ್ಲಾಚೆ ಹೋಗಿ ಅತ್ತಿದ್ದೂ ಕೇಳ್ತು." ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಡಾಕ್ಟರಿಗೆ ಅಂದದ್ದು ಬೇರೆ. "ಕಫ ಎಳಿಯಕ್ಕೆ ಪೈಪು ಬಿಡ್ತೀರಲ್ಲ, ಪ್ರಾಣ ಹೋದಂಗಾಗತೈತೆ. ಮೊದ್ಲೇ ಹೇಳ್ರಿ ಸಾರ್. ಹೇಳಿದ್ರೆ ತಡ್ಕಬೋದು."

ಲಕ್ಷ್ಮೀಕಾಂತ್ ಬೆರಗಾದರು. ವೆಂಟಿಲೇಟರಿನಿಂದ ಬದುಕಿ ಬಂದ ಒಬ್ಬೊಬ್ಬರನ್ನೂ ಒಳಗೆ ಏನೇನು ತಿಳಿಯುತ್ತಿತ್ತೆಂದು ಕೇಳತೊಡಗಿದರು. ಅದೇ ಅವರ ಸಂಶೋಧನೆಯಾಯಿತು. ವಾರ್ಡಿನಲ್ಲಿ ಹೇಳದೆ ರೋಗಿಯನ್ನು ಮುಟ್ಟುವುದು ನಿಂತಿತು. ಹಾವು ಕಚ್ಚಿದವರು ಬಂದರೆ ಉಷಾ ಫೋನ್ ಮಾಡುವಳು. ಕೊಟ್ರಮ್ಮ ಬಾಣಲೆ ಇಳಿಸಿ ಚಿತ್ರದುರ್ಗದ ಬಸ್ ಹತ್ತುವಳು.

*

ಸಾವಿನ ಮನೆಯ ಅಂಗಳದಲ್ಲಿ ಮಾಡದಕೆರೆಯ ಪರಮೇಶ್ವರಪ್ಪ ಎಂಬಾತ ನಿಂತಿದ್ದ.

"ನೀವು ಸಂಬಂಧಿಕರೇನ್ರಿ?" ರಂಗಕ್ಕ ಕೇಳಿದಳು.

"ಅಲ್ಲಮ್ಮ. ಹಾವು ಕಚ್ಚಿ, ಆಸ್ಪತ್ರೇಲಿ ಕಣ್ಣು ಬಿಡಕ್ಕಾಗದೆ ಬಿದ್ದಿದ್ದೆ. ಎಲ್ಲಾ ಕತ್ಲೆ. ಯಾರೋ ಬಂದು, 'ಮಿಶನ್ನಿನ ಜೊತೆ ಗುದ್ದಾಡಬ್ಯಾಡಪ್ಪ, ಅದು ಉಸ್ರಾಡ್ಲಿ ಬಿಡು, ನಂಗೂ ಹಿಂಗೇ ಆಗಿತ್ತು, ಬದುಕ್ದೆ' ಅಂದ್ರು. ಆ ದನಿ ಹಿಡ್ಕಂಡೇ ಬದುಕಿ ಬಂದೆ. ಈ ಅಮ್ಮನ ಮುಖ ನೋಡಿದ್ದು ಆಮೇಲೆ."

ರಂಗಕ್ಕ ಒಳಗಡೆ ನೋಡಿದಳು. ದಿನವೂ ಜಗಲಿಯಲ್ಲಿ ಜೊತೆಗೆ ಕೂತು ಮೆಣಸಿನಕಾಯಿ ಸೀಳುತ್ತಿದ್ದವಳು ವಿಭೂತಿ ಹಚ್ಚಿಕೊಂಡು ನೆಟ್ಟಗೆ ಕೂತಿದ್ದಳು.

ಮಧ್ಯಾಹ್ನ ಗುಂಡಿಗೆ ಇಳಿಸುವಾಗ ಮುರುಗಪ್ಪ ತಾನೂ ಇಳಿದ. ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದ ಹೆಂಡತಿಯ ತಲೆ ಮುಂದಕ್ಕೆ ವಾಲುತ್ತಿತ್ತು. ಎರಡೂ ಅಂಗೈಯನ್ನು ಗಲ್ಲದ ಕೆಳಗೆ ಕೊಟ್ಟು ಹಿಡಿದ. ಜನ ಸುರಿದ ಬಿಲ್ವಪತ್ರೆ, ವಿಭೂತಿ ಅವಳ ಮಡಿಲು ತುಂಬಿ ಎದೆಯವರೆಗೆ ಬಂತು. ಮೊಣಕೈ ವಿಭೂತಿಯಲ್ಲಿ ಹೂತರೂ ಅವನು ಕೈ ಬಿಡಲಿಲ್ಲ. ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ. ಗುಂಡಿಯ ಸುತ್ತ ಜನ ಹಿಡಿ ಹಿಡಿ ಮಣ್ಣು ಹಿಡಿದು ಹಾಗೇ ನಿಂತಿದ್ದರು.